ಜರ್ಮನಿಯ ಮಾಸ್ಟರ್ಸ್‌ಗೆ ಅರ್ಜಿ: ಕಾಲೇಜಿನ ಹೆಸರಿಗಿಂತ ಮೊದಲು ನಿಮ್ಮ ಕ್ರೆಡಿಟ್ ಎಣಿಸಿ

ಪ್ರಶ್ನೆ: ಮೆಕ್ಯಾನಿಕಲ್ ಬಿ.ಇ. ಏಳನೇ ಸೆಮಿಸ್ಟರ್‌ನಲ್ಲಿದ್ದೇನೆ. ಸಿಜಿಪಿಎ 8.2. ಎರಡು ಬ್ಯಾಕ್‌ಲಾಗ್ ಇದ್ದವು, ಎರಡನ್ನೂ ಪಾಸು ಮಾಡಿಕೊಂಡಿದ್ದೇನೆ. ಜರ್ಮನಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಮಾಸ್ಟರ್ಸ್ ಓದುವ ಆಸೆ. ಮೆಕಟ್ರಾನಿಕ್ಸ್ ಇಲ್ಲವೇ ಡೇಟಾ ಸೈನ್ಸ್. ಕನ್ಸಲ್ಟೆನ್ಸಿಯವರು ‘ಐಇಎಲ್‌ಟಿಎಸ್ ಒಂದು ಬರೆದುಬಿಡಿ, ಮಿಕ್ಕಿದ್ದು ನಮಗೆ ಬಿಡಿ, ಸೀಟು ಗ್ಯಾರಂಟಿ’ ಅನ್ನುತ್ತಿದ್ದಾರೆ. ನಾನೇ ಅರ್ಜಿ ಹಾಕಬಹುದೇ? ಯಾವುದು ಮೊದಲು, ಯಾವುದು ಆಮೇಲೆ? ಜನ ಎಲ್ಲಿ ಎಡವುತ್ತಾರೆ? ಮನೆಯಲ್ಲಿ ಎಷ್ಟು ಹಣ ಹೊಂದಿಸಿಕೊಳ್ಳಲು ಹೇಳಲಿ?

ಉತ್ತರ: ನೀವೇ ಹಾಕಬಹುದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಮಧ್ಯವರ್ತಿ ಮಾಡಬೇಕಾದ, ನಿಮ್ಮಿಂದ ಆಗದ ಕೆಲಸ ಯಾವುದೂ ಇಲ್ಲ. ಅಲ್ಲಿ ‘ಸೀಟು ಗ್ಯಾರಂಟಿ’ ಕೊಡುವ ಅಧಿಕಾರವೂ ಯಾವ ಕನ್ಸಲ್ಟೆನ್ಸಿಗೂ ಇಲ್ಲ. ಹಾಗೆ ಮಾತು ಕೊಡುವವರು ಸಾಮಾನ್ಯವಾಗಿ ದುಬಾರಿ ಶುಲ್ಕದ ಖಾಸಗಿ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ಹೆಚ್ಚಿನವರು ಶುರು ಮಾಡುವುದೇ ತಲೆಕೆಳಗಾಗಿ. ಮೊದಲು ಹೆಸರಾಂತ ಯೂನಿವರ್ಸಿಟಿಗಳ ಪಟ್ಟಿ, ಆಮೇಲೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಎಸ್‌ಒಪಿ (ಯಾಕೆ ಓದಬೇಕೆಂದಿದ್ದೀರಿ ಎಂದು ವಿವರಿಸುವ ಪತ್ರ), ಕೊನೆಗೆ ‘ನಾನು ಅರ್ಹನೇ?’ ಎಂಬ ಪ್ರಶ್ನೆ. ಜರ್ಮನಿಯಲ್ಲಿ ಆ ಕೊನೆಯ ಪ್ರಶ್ನೆಯೇ ಮೊದಲನೆಯದು. ಅಲ್ಲಿನ ಆಯ್ಕೆ ಸಮಿತಿ ನಿಮ್ಮ ವ್ಯಕ್ತಿತ್ವ ಅಳೆಯಲು ಹೋಗುವುದಿಲ್ಲ. ಬ್ಯಾಚುಲರ್ಸ್‌ನಲ್ಲಿ ಯಾವ ವಿಷಯ ಎಷ್ಟು ಓದಿದ್ದೀರಿ ಎಂಬುದನ್ನು ತಮ್ಮ ನಿಯಮಾವಳಿಯ ಪಕ್ಕದಲ್ಲಿಟ್ಟು ನೋಡುತ್ತದೆ. ಹೊಂದದಿದ್ದರೆ 9.5 ಸಿಜಿಪಿಎ ಇದ್ದವರ ಅರ್ಜಿಯೂ ಪಕ್ಕಕ್ಕೆ ಹೋಗುತ್ತದೆ.

ಕ್ರೆಡಿಟ್ ಲೆಕ್ಕ

ಪ್ರತಿ ಮಾಸ್ಟರ್ಸ್ ಕೋರ್ಸಿಗೂ ಒಂದು ಪ್ರವೇಶ ನಿಯಮಾವಳಿ ಇರುತ್ತದೆ. ಜರ್ಮನ್‌ನಲ್ಲಿ ಅದಕ್ಕೆ ‘ಟ್ಸುಲಾಸುಂಗ್ಸ್‌ಓರ್ಡ್‌ನುಂಗ್’ ಅಥವಾ ‘ಟ್ಸುಗಾಂಗ್ಸ್‌ಓರ್ಡ್‌ನುಂಗ್’ ಅನ್ನುತ್ತಾರೆ. ಕೋರ್ಸಿನ ಇಂಗ್ಲಿಷ್ ಪುಟದಲ್ಲಿ ‘ಸಂಬಂಧಪಟ್ಟ ವಿಷಯದಲ್ಲಿ ಪದವಿ’ ಎಂದಷ್ಟೇ ಇದ್ದರೂ, ಜರ್ಮನ್ ಭಾಷೆಯ ಈ ಪಿಡಿಎಫ್‌ನಲ್ಲಿ ಗಣಿತ ಇಷ್ಟು ಇಸಿಟಿಎಸ್, ಕಂಟ್ರೋಲ್ ಇಷ್ಟು, ಪ್ರೋಗ್ರಾಮಿಂಗ್ ಇಷ್ಟು ಎಂದು ಅಂಕಿಯಲ್ಲೇ ಬರೆದಿರುತ್ತದೆ. ಭಾಷೆ ಗೊತ್ತಿಲ್ಲವೆಂದು ಬಿಡಬೇಡಿ. ಯಂತ್ರಾನುವಾದಕ್ಕೆ ಹಾಕಿ, ಅಂಕಿಗಳಿರುವ ಪರಿಚ್ಛೇದವನ್ನು ಹುಡುಕಿ ಓದಿ. ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ಕಾಗದ ಇನ್ನೊಂದಿಲ್ಲ.

ಇಸಿಟಿಎಸ್ ಎಂದರೆ ಯುರೋಪಿನ ಕ್ರೆಡಿಟ್ ಪದ್ಧತಿ. ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60. ಒಂದು ಇಸಿಟಿಎಸ್ ಅಂದರೆ ತರಗತಿ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ. ನಾಲ್ಕು ವರ್ಷದ ಬಿ.ಇ. ಅನ್ನು ಸಾಮಾನ್ಯವಾಗಿ 240ಕ್ಕೆ ಸಮ ಎಂದು ಹಿಡಿದು ಲೆಕ್ಕ ಹಾಕಬಹುದು. ನಿಮ್ಮ ಪದವಿಯ ಒಟ್ಟು ಕ್ರೆಡಿಟ್ 160 ಆಗಿದ್ದರೆ 240ನ್ನು 160ರಿಂದ ಭಾಗಿಸಿ: 1.5. ಅಂದರೆ ನಾಲ್ಕು ಕ್ರೆಡಿಟ್‌ನ ಒಂದು ವಿಷಯ 6 ಇಸಿಟಿಎಸ್. ಒಟ್ಟು 175 ಆಗಿದ್ದರೆ ಗುಣಕ ಸುಮಾರು 1.37ಕ್ಕೆ ಇಳಿಯುತ್ತದೆ, ಅದೇ ವಿಷಯ ಐದೂವರೆಯ ಹತ್ತಿರ ನಿಲ್ಲುತ್ತದೆ. ಸೀನಿಯರ್ ಒಬ್ಬರ ಎಕ್ಸೆಲ್ ಶೀಟನ್ನು ಹಾಗೇ ನಕಲು ಮಾಡಿದರೆ ತಪ್ಪುವುದು ಇಲ್ಲೇ. ಸ್ಕೀಮ್, ಅಂದರೆ ಆ ಬ್ಯಾಚಿನ ಪಠ್ಯಕ್ರಮ, ಬದಲಾದರೆ ಗುಣಕವೂ ಬದಲಾಗುತ್ತದೆ.

ಈಗ ನಿಮ್ಮ ಎಲ್ಲ ಅಂಕಪಟ್ಟಿ ಎದುರಿಗಿಟ್ಟುಕೊಂಡು ಒಂದೊಂದು ವಿಷಯವನ್ನೂ ಗುಂಪಿಗೆ ಸೇರಿಸಿ: ಗಣಿತ, ಮೆಕ್ಯಾನಿಕ್ಸ್ ಮತ್ತು ಮೆಟೀರಿಯಲ್ಸ್, ಥರ್ಮಲ್ ಮತ್ತು ಫ್ಲೂಯಿಡ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಟ್ರೋಲ್, ಪ್ರೋಗ್ರಾಮಿಂಗ್, ಪ್ರಾಜೆಕ್ಟ್. ಮೆಕ್ಯಾನಿಕಲ್‌ನವರೊಬ್ಬರ ಲೆಕ್ಕ, ಗುಣಕ 1.5 ಹಿಡಿದು, ಹೀಗೆ ಬಂತು ಎಂದುಕೊಳ್ಳೋಣ: ಗಣಿತ 16 ಕ್ರೆಡಿಟ್, ಅಂದರೆ 24 ಇಸಿಟಿಎಸ್, ಎಲೆಕ್ಟ್ರಿಕಲ್‌ನಿಂದ ಕಂಟ್ರೋಲ್‌ವರೆಗೆ 10 ಕ್ರೆಡಿಟ್, ಅಂದರೆ 15, ಪ್ರೋಗ್ರಾಮಿಂಗ್ ಮೂರೇ ಕ್ರೆಡಿಟ್, ಅಂದರೆ 4.5. ಡೇಟಾ ಸೈನ್ಸ್ ಕೋರ್ಸೊಂದು ಕಂಪ್ಯೂಟರ್ ಸೈನ್ಸ್ ವಿಷಯಗಳಲ್ಲಿ 30 ಇಸಿಟಿಎಸ್ ಕೇಳಿದರೆ ಇವರಲ್ಲಿರುವುದು ನಾಲ್ಕೂವರೆ. ಆ ಇಪ್ಪತ್ತೈದೂವರೆಯ ಕೊರತೆಯನ್ನು ಯಾವ ಎಸ್‌ಒಪಿಯೂ ತುಂಬಿಕೊಡುವುದಿಲ್ಲ. ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟೂ ಸಾಮಾನ್ಯವಾಗಿ ತುಂಬುವುದಿಲ್ಲ, ಏಕೆಂದರೆ ಎಣಿಕೆಗೆ ಬರುವುದು ಮಾನ್ಯತೆ ಪಡೆದ ಉನ್ನತ ಶಿಕ್ಷಣ ಸಂಸ್ಥೆಯ ಅಂಕಪಟ್ಟಿಯಲ್ಲಿರುವ ಕ್ರೆಡಿಟ್. ಮೆಕಟ್ರಾನಿಕ್ಸ್ ಕೋರ್ಸು ಎಲೆಕ್ಟ್ರಿಕಲ್ ಮತ್ತು ಕಂಟ್ರೋಲ್ ಸೇರಿ 15 ಕೇಳಿದರೆ ಇವರು ಒಳಗೆ, 20 ಕೇಳಿದರೆ ಹೊರಗೆ.

ಆದ್ದರಿಂದ ನಿಮಗೆ ನನ್ನ ನೇರ ಅಭಿಪ್ರಾಯ: ಮೆಕಟ್ರಾನಿಕ್ಸ್, ಕಂಟ್ರೋಲ್, ಆಟೋಮೋಟಿವ್, ಪ್ರೊಡಕ್ಷನ್, ಕಂಪ್ಯೂಟೇಷನಲ್ ಮೆಕ್ಯಾನಿಕ್ಸ್ ಕಡೆ ನಿಮ್ಮ ಅರ್ಜಿಗಳಲ್ಲಿ ಬಹುಪಾಲು ಇರಲಿ. ಡೇಟಾ ಸೈನ್ಸ್ ಬೇಕೇ ಬೇಕೆಂದರೆ, ಬೇರೆ ಎಂಜಿನಿಯರಿಂಗ್ ಶಾಖೆಯವರಿಗೂ ಅವಕಾಶವಿದೆ ಎಂದು ನಿಯಮಾವಳಿಯಲ್ಲೇ ಬರೆದಿರುವ ಕೋರ್ಸುಗಳಿಗೆ ಮಾತ್ರ ಹಾಕಿ. ಎಂಟನೇ ಸೆಮಿಸ್ಟರ್‌ನಲ್ಲಿ ಓಪನ್ ಎಲೆಕ್ಟಿವ್ ಆರಿಸುವ ಅವಕಾಶ ಉಳಿದಿದ್ದರೆ ಈ ಪಟ್ಟಿಯನ್ನು ನೋಡಿಯೇ ಆರಿಸಿ. ಒಂದು ವಿಷಯದಿಂದ ಬಾಗಿಲು ತೆರೆದುಕೊಳ್ಳುವ ಸಂದರ್ಭಗಳಿವೆ.

ಸಿಲಬಸ್ ಪ್ರತಿಯನ್ನೂ ಈಗಲೇ ತೆಗೆದಿಡಿ. ‘ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಮೂರು’ ಎಂಬ ಹೆಸರು ನೋಡಿದರೆ ಅಲ್ಲಿನವರಿಗೆ ಒಳಗೆ ಏನಿದೆಯೆಂದು ತಿಳಿಯುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ನಮೂನೆ ಕೊಟ್ಟು, ಅವರ ಬ್ಯಾಚುಲರ್ಸ್‌ನ ಯಾವ ವಿಷಯಕ್ಕೆ ನಿಮ್ಮ ಯಾವ ವಿಷಯ ಸಮ ಎಂದು ನೀವೇ ತುಂಬುವಂತೆ ಕೇಳುತ್ತವೆ. ಅಲ್ಲಿ ಉತ್ಪ್ರೇಕ್ಷೆ ಬೇಡ. ಒಂದೇ ವಿಷಯವನ್ನು ಎರಡು ಕಡೆ ಎಣಿಸಿದರೆ ಅವರ ಕಣ್ಣಿಗೆ ಬೀಳುತ್ತದೆ, ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

8.2 ಅಲ್ಲಿ ಎಷ್ಟಾಗುತ್ತದೆ

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಪರಿವರ್ತನೆಗೆ ಹೆಚ್ಚಾಗಿ ಬಳಸುವುದು ‘ಮಾರ್ಪಡಿಸಿದ ಬವೇರಿಯನ್ ಸೂತ್ರ’. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸು ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮ್ಮ ಲೆಕ್ಕದಲ್ಲಿ 10ರಿಂದ 8.2 ಕಳೆದರೆ 1.8. ಕನಿಷ್ಠ ಪಾಸು 4 ಎಂದು ಹಿಡಿದರೆ ಉತ್ತರ 1.9. ಕನಿಷ್ಠ 5 ಎಂದು ಹಿಡಿದರೆ 2.08. ನಿಮ್ಮ ಅಂಕ ಅದೇ, ಓದೂ ಅದೇ. ಕನಿಷ್ಠ ಪಾಸು ಯಾವುದೆಂಬ ಒಂದೇ ಅಂಶ ಫಲಿತಾಂಶವನ್ನು ಸರಿಸುತ್ತದೆ. ವಿಷಯವೊಂದರಲ್ಲಿ ಪಾಸಾಗಲು ಬೇಕಾದ ಗ್ರೇಡ್ ಪಾಯಿಂಟ್ ಬೇರೆ, ಪದವಿ ಪಡೆಯಲು ಬೇಕಾದ ಕನಿಷ್ಠ ಸಿಜಿಪಿಎ ಬೇರೆ ಇರುವ ಕಡೆ ಈ ಗೊಂದಲ ಏಳುತ್ತದೆ. ಅಂಕಪಟ್ಟಿಯ ಹಿಂಬದಿಯಲ್ಲಿ ಗ್ರೇಡಿಂಗ್ ವಿವರ ಮುದ್ರಿಸಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಒಂದು ಪತ್ರ ತೆಗೆದುಕೊಳ್ಳಿ. ಹಿಂಬದಿ ಸ್ಕ್ಯಾನ್ ಮಾಡದೆ ಕಳಿಸುವವರು ತುಂಬಾ ಜನ.

2.5ರ ಒಳಗೆ ಇರಬೇಕೆಂದು ಕೇಳುವ ಕೋರ್ಸುಗಳಿಗೆ ನೀವು ಎರಡೂ ಲೆಕ್ಕದಲ್ಲಿ ಒಳಗಿದ್ದೀರಿ. ಮುಗಿಸಿಕೊಂಡ ಬ್ಯಾಕ್‌ಲಾಗ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಫೇಲ್ ಆಗಿದ್ದ ಸೆಮಿಸ್ಟರ್‌ನ ಅಂಕಪಟ್ಟಿಯನ್ನು ಬಚ್ಚಿಡಲು ಹೋಗಬೇಡಿ. ಬ್ಯಾಕ್‌ಲಾಗ್‌ಗಿಂತ ಅಪಾಯ ಬಚ್ಚಿಟ್ಟ ಕಾಗದದಿಂದ.

ಕೋರ್ಸು ಆರಿಸುವಾಗ

ಡಿಎಎಡಿ ಎಂಬ ಜರ್ಮನ್ ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ಅಂತರರಾಷ್ಟ್ರೀಯ ಕೋರ್ಸುಗಳ ದತ್ತಾಂಶವಿದೆ. ಭಾಷೆ ಇಂಗ್ಲಿಷ್, ಹಂತ ಮಾಸ್ಟರ್ಸ್ ಎಂದು ಸೋಸಿ ಹುಡುಕಿ. ಆಮೇಲೆ ವಿಶ್ವವಿದ್ಯಾಲಯದ ಸ್ವಂತ ಪುಟಕ್ಕೆ ಹೋಗಿ ದಿನಾಂಕವನ್ನು ಖಚಿತ ಮಾಡಿಕೊಳ್ಳಿ.

ಸರ್ಕಾರಿ ಸಂಸ್ಥೆಗಳಲ್ಲಿ ಎರಡು ಬಗೆ. ಯೂನಿವರ್ಸಿಟಿ ಮತ್ತು ಟೆಕ್ನಿಕಲ್ ಯೂನಿವರ್ಸಿಟಿಗಳಲ್ಲಿ ಸಿದ್ಧಾಂತ, ಸಂಶೋಧನೆ ಹೆಚ್ಚು. ‘ಹೋಖ್‌ಶೂಲೆ’ ಎಂದು ಕರೆಯುವ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಗಳಲ್ಲಿ ಉದ್ದಿಮೆಯ ನಂಟು ಹೆಚ್ಚು, ತರಗತಿ ಚಿಕ್ಕದು. ಎಂಜಿನಿಯರ್ ಕೆಲಸವೇ ಗುರಿಯಾದರೆ ಎರಡನೆಯದನ್ನು ಕೀಳೆಂದು ಕಾಣುವುದು ತಪ್ಪು. ಅಲ್ಲಿ ಒಂದು ಅಂಕಿ ಮಾತ್ರ ಗಮನಿಸಿ. ಮಾಸ್ಟರ್ಸ್ ಮುಗಿಯುವ ಹೊತ್ತಿಗೆ ಬ್ಯಾಚುಲರ್ಸ್ ಸೇರಿ ಒಟ್ಟು 300 ಇಸಿಟಿಎಸ್ ಆಗಬೇಕೆಂಬುದು ಸಾಮಾನ್ಯ ನಿಯಮ. ಮೂರು ಸೆಮಿಸ್ಟರ್‌ನ ಮಾಸ್ಟರ್ಸ್ 90 ಮಾತ್ರ ಕೊಡುತ್ತದೆ, ಹಾಗಾಗಿ ಒಳಬರುವವರ ಬಳಿ 210 ಇರಬೇಕು. ನಾಲ್ಕು ವರ್ಷದ ಬಿ.ಇ. ಇರುವ ನಿಮಗೆ ಇದು ತೊಡಕಲ್ಲ. ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ., ಬಿಸಿಎ ಓದಿದ ಗೆಳೆಯರು ಈ ಉತ್ತರ ಓದುತ್ತಿದ್ದರೆ ಅವರು 120 ಇಸಿಟಿಎಸ್‌ನ, ನಾಲ್ಕು ಸೆಮಿಸ್ಟರ್‌ನ ಕೋರ್ಸುಗಳನ್ನೇ ಹುಡುಕಬೇಕು.

‘ಅನಾಬಿನ್’ ಎಂಬ ಜರ್ಮನ್ ಸರ್ಕಾರಿ ದತ್ತಾಂಶದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರಿನ ಮುಂದೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆ ಇದೆ, ಎಂದು ಇದೆಯೇ ನೋಡಿ. ಹುಡುಕಬೇಕಾದ್ದು ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರನ್ನು, ಅದರಡಿಯ ಕಾಲೇಜಿನದ್ದನ್ನಲ್ಲ. ಸ್ವಾಯತ್ತ ಕಾಲೇಜಿನವರಿಗೂ ಪದವಿ ಪ್ರಮಾಣಪತ್ರದಲ್ಲಿ ಯಾವ ಹೆಸರಿದೆಯೋ ಅದೇ ಲೆಕ್ಕ.

‘ಜರ್ಮನಿಯಲ್ಲಿ ಎಲ್ಲ ಉಚಿತ’ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಹೆಚ್ಚಿನ ರಾಜ್ಯಗಳ ಸರ್ಕಾರಿ ಸಂಸ್ಥೆಗಳಲ್ಲಿ ಸಾಮಾನ್ಯ ಮಾಸ್ಟರ್ಸ್‌ಗೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಹೈಡೆಲ್‌ಬರ್ಗ್ ಇರುವ ಕಡೆ, ಯುರೋಪಿಯನ್ ಒಕ್ಕೂಟದ ಹೊರಗಿನವರು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟುತ್ತಿದ್ದಾರೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ಹೊರದೇಶದವರಿಗೆ ಮಾಸ್ಟರ್ಸ್‌ನಲ್ಲಿ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ನಿಗದಿ ಮಾಡಿದೆ. ಕೆಲಸದ ಅನುಭವ ಇರುವವರಿಗೆಂದು ರೂಪಿಸಿದ ಎಕ್ಸಿಕ್ಯೂಟಿವ್ ಬಗೆಯ ಮಾಸ್ಟರ್ಸ್‌ಗಳು ಸರ್ಕಾರಿ ಸಂಸ್ಥೆಯಲ್ಲೂ ದುಬಾರಿ. ಪುಟದ ಮೂಲೆಯಲ್ಲಿ ಆ ವಿವರ ಇದೆಯೇ ನೋಡಿ.

ಆರರಿಂದ ಎಂಟು ಅರ್ಜಿ ಸಾಕು. ಎರಡು ಸ್ವಲ್ಪ ಕಷ್ಟದವು, ಉಳಿದವು ನಿಯಮಾವಳಿಗೆ ನೀವು ಆರಾಮಾಗಿ ಹೊಂದುವಂಥವು. ಸೀಟಿನ ಮಿತಿಯಿಲ್ಲದ ಕೋರ್ಸುಗಳೂ ಇವೆ. ಷರತ್ತು ಪೂರೈಸಿದವರಿಗೆಲ್ಲ ಅಲ್ಲಿ ಪ್ರವೇಶ. ಅಂಥದ್ದೊಂದಾದರೂ ಪಟ್ಟಿಯಲ್ಲಿರಲಿ.

ಕಾಗದಪತ್ರ

ಮೊದಲು ಪಾಸ್‌ಪೋರ್ಟ್. ಅದರಲ್ಲಿರುವ ಹೆಸರೇ ಮುಂದಿನ ಎಲ್ಲ ಕಾಗದಕ್ಕೂ ಆಧಾರ. ನಮ್ಮ ಕಡೆಯವರು ಅತಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು ಇನಿಷಿಯಲ್‌ನಿಂದ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಬಿ.ಇ. ಅಂಕಪಟ್ಟಿಯಲ್ಲಿ ಅವೇ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು ಸರ್‌ನೇಮ್ ಜಾಗದಲ್ಲಿ. ಇಲ್ಲಿ ಯಾರಿಗೂ ಅನುಮಾನ ಬಾರದು. ಅಲ್ಲಿ ಅದು ಮೂವರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ. ಐಇಎಲ್‌ಟಿಎಸ್ ನೋಂದಣಿ, ಅರ್ಜಿ, ಬ್ಲಾಕ್ಡ್ ಅಕೌಂಟ್ (ಜೀವನ ವೆಚ್ಚವನ್ನು ಮೊದಲೇ ಕಟ್ಟಿಡುವ ಖಾತೆ) ಎಲ್ಲದರಲ್ಲೂ ಪಾಸ್‌ಪೋರ್ಟ್‌ನ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟನ್ನು ಇಂಗ್ಲಿಷ್‌ನಲ್ಲಿ ನೋಟರಿ ಮಾಡಿಸಿಟ್ಟುಕೊಳ್ಳಿ. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಆಗಿದ್ದರೆ, ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳುವುದು ನೆಮ್ಮದಿ. ನಡುವೆ ತಿದ್ದಿಸಿದರೆ ಎಲ್ಲ ಕಡೆ ಹಳೆಯ ಹೆಸರು ಉಳಿದುಬಿಡುತ್ತದೆ.

ಎರಡನೆಯದು ಎಪಿಎಸ್. ಭಾರತದ ಶೈಕ್ಷಣಿಕ ದಾಖಲೆಗಳು ಅಸಲಿಯೇ ಎಂದು ಪರಿಶೀಲಿಸುವ ಜರ್ಮನ್ ವಿಭಾಗ ಇದು, ಇರುವುದು ದೆಹಲಿಯಲ್ಲಿ. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದರ ಪ್ರಮಾಣಪತ್ರ ಕಡ್ಡಾಯ. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯ ಹಂತದಲ್ಲೇ ಕೇಳುತ್ತವೆ. ಶುಲ್ಕ 18,000 ರೂಪಾಯಿ. ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಯಾವ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ ಬೇಕೆಂಬುದು ಎಪಿಎಸ್ ಜಾಲತಾಣದ ಚೆಕ್‌ಲಿಸ್ಟ್‌ನಲ್ಲಿದೆ. ಒಂದು ಸೆಮಿಸ್ಟರ್‌ನ ಅಂಕಪಟ್ಟಿ ಬಿಟ್ಟುಹೋದರೂ ಕಡತ ಅಲ್ಲೇ ನಿಲ್ಲುತ್ತದೆ, ನೀವು ಸೇರಿಸುವವರೆಗೆ ಕದಲುವುದಿಲ್ಲ. ಜನವರಿಯಿಂದ ಒತ್ತಡ ಏರುವುದರಿಂದ ಏಳನೇ ಸೆಮಿಸ್ಟರ್ ಮುಗಿಯುವ ಮೊದಲೇ ಹಾಕಿಬಿಡುವುದು ಜಾಣತನ. ಇಲ್ಲೇ ಹೇಳಿಬಿಡುತ್ತೇನೆ, ತಡ ಮಾಡಿ ಒಂದು ಇಡೀ ವರ್ಷ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಈ ಒಂದು ಕಾಗದಕ್ಕಾಗಿ.

ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ 6.5 ಇದ್ದರೆ ಬಹುಪಾಲು ಎಂಜಿನಿಯರಿಂಗ್ ಕೋರ್ಸುಗಳಿಗೆ ಸಾಕು. ಫಲಿತಾಂಶಕ್ಕೆ ಎರಡು ವರ್ಷದ ಆಯಸ್ಸು. ‘ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ’ ಎಂಬ ಕಾಲೇಜಿನ ಪತ್ರವನ್ನು ಕೆಲವರು ಒಪ್ಪುತ್ತಾರೆ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆ ಎಲ್ಲೆಡೆ ಬೇಡ. ಕೆಲವು ಟೆಕ್ನಿಕಲ್ ಯೂನಿವರ್ಸಿಟಿಗಳ ಕೆಲವು ಕೋರ್ಸುಗಳಷ್ಟೇ ಕೇಳುತ್ತವೆ, ನಿಮ್ಮ ಪಟ್ಟಿಯಲ್ಲಿ ಅವಿದ್ದರೆ ಮಾತ್ರ ಬರೆಯಿರಿ. ಜರ್ಮನ್ ಭಾಷೆ ಇಂಗ್ಲಿಷ್ ಕೋರ್ಸಿನ ಪ್ರವೇಶಕ್ಕೆ ಬೇಡದಿರಬಹುದು, ಆದರೆ ಪಾರ್ಟ್‌ಟೈಮ್ ಕೆಲಸ, ಇಂಟರ್ನ್‌ಶಿಪ್, ಮನೆ ಹುಡುಕಾಟ ಎಲ್ಲದಕ್ಕೂ ಬೇಕು. ಹೊರಡುವ ಮೊದಲು ಎ2 ಮಟ್ಟ, ಅಂದರೆ ದಿನಬಳಕೆಯ ಸರಳ ಮಾತಿನ ಮಟ್ಟ, ಮುಟ್ಟಲು ನೋಡಿ.

ಮೋಟಿವೇಷನ್ ಲೆಟರ್, ಅಂದರೆ ಎಸ್‌ಒಪಿ, ಒಂದರಿಂದ ಎರಡು ಪುಟ. ‘ಚಿಕ್ಕಂದಿನಿಂದ ಯಂತ್ರಗಳೆಂದರೆ ಕುತೂಹಲ’ ಎಂದು ಶುರುವಾಗುವ ಪತ್ರಗಳನ್ನು ಓದಿ ಓದಿ ಅವರಿಗೆ ಸಾಕಾಗಿದೆ. ಆ ಕೋರ್ಸಿನ ಮಾಡ್ಯೂಲ್ ಕೈಪಿಡಿ (ಪ್ರತಿ ವಿಷಯದ ವಿವರ ಇರುವ ಪುಸ್ತಕ) ತೆರೆದು, ಯಾವ ಎರಡು ಮೂರು ವಿಷಯ ನಿಮ್ಮ ಪ್ರಾಜೆಕ್ಟಿನ ಮುಂದುವರಿಕೆ ಆಗುತ್ತದೆಂದು ಬರೆಯಿರಿ. ಪ್ರಾಜೆಕ್ಟಿನಲ್ಲಿ ನೀವು ಮಾಡಿದ ಭಾಗ ಯಾವುದು, ಯಾವ ಸಾಫ್ಟ್‌ವೇರ್ ಬಳಸಿದಿರಿ, ಏನು ಕೆಲಸ ಮಾಡಲಿಲ್ಲ ಎಂಬುದನ್ನೂ ಸೇರಿಸಿ. ಬೇರೆಯವರ ಪತ್ರದಿಂದ ಒಂದು ಪ್ಯಾರಾ ಎತ್ತಿದರೂ ಸಿಕ್ಕಿಬೀಳುವ ಸಂಭವವಿದೆ. ಸ್ವಂತವಾಗಿ ಬರೆದದ್ದೆಂದು ಸಹಿ ಹಾಕಿಸಿಕೊಳ್ಳುವ ಕಡೆ ಅದರ ಪರಿಣಾಮ ದೊಡ್ಡದು. ಸಿವಿ ಪಟ್ಟಿಯ ರೂಪದಲ್ಲಿರಲಿ, ತಿಂಗಳು ವರ್ಷ ಬಿಡದೆ ಇರಲಿ. ಶಿಫಾರಸು ಪತ್ರಕ್ಕೆ ಅಲ್ಲಿ ಅಷ್ಟೊಂದು ತೂಕವಿಲ್ಲ. ಎರಡು ಇಟ್ಟುಕೊಂಡಿರಿ, ಕೇಳಿದವರಿಗೆ ಕೊಡಿ.

ಯೂನಿ-ಅಸಿಸ್ಟ್ ಮತ್ತು ದಿನಾಂಕಗಳು

ಅರ್ಜಿ ಹಾಕಲು ಮೂರು ದಾರಿ. ಕೆಲವು ವಿಶ್ವವಿದ್ಯಾಲಯಗಳದ್ದು ಸ್ವಂತ ಪೋರ್ಟಲ್. ಕೆಲವರದ್ದು ‘ಯೂನಿ-ಅಸಿಸ್ಟ್’ ಎಂಬ ಸಾಮಾನ್ಯ ಕೇಂದ್ರ. ಒಂದು ಸೆಮಿಸ್ಟರ್‌ಗೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೂ 30. ಐದು ಅರ್ಜಿಗೆ 195 ಯೂರೋ. ಮೂರನೆಯ ದಾರಿಯಲ್ಲಿ ಎರಡೂ ಬೇಕು: ಯೂನಿ-ಅಸಿಸ್ಟ್‌ನಿಂದ ‘ವಿಪಿಡಿ’ ಎಂಬ ಪೂರ್ವ ಪರಿಶೀಲನಾ ಪತ್ರ ಪಡೆದು ಅದನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಸೇರಿಸಬೇಕು. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೇಳುವುದು ಹೀಗೇ. ವಿಪಿಡಿ ಬಂದ ಮಾತ್ರಕ್ಕೆ ಅರ್ಜಿ ಹಾಕಿದಂತಾಯಿತು ಎಂದು ತಿಳಿದು ಪೋರ್ಟಲ್ ಮುಟ್ಟದೆ ಕುಳಿತವರಿಗೆ ಆ ವರ್ಷ ಅಲ್ಲಿ ಅರ್ಜಿಯೇ ಇರುವುದಿಲ್ಲ.

ಯೂನಿ-ಅಸಿಸ್ಟ್ ಪರಿಶೀಲನೆಗೆ ನಾಲ್ಕರಿಂದ ಆರು ವಾರ ತೆಗೆದುಕೊಳ್ಳುತ್ತದೆ. ಕೊನೆಯ ದಿನಕ್ಕೆ ಎಂಟು ವಾರ ಮೊದಲೇ ಹಾಕಿ ಎಂಬುದು ಅವರದೇ ಸಲಹೆ. ಹಣ ಕಟ್ಟುವವರೆಗೆ ನಿಮ್ಮ ಕಡತವನ್ನು ಯಾರೂ ತೆರೆಯುವುದಿಲ್ಲ, ಬ್ಯಾಂಕ್ ವರ್ಗಾವಣೆಯಾದರೆ ತಲುಪಲು ದಿನಗಳು ಹಿಡಿಯುತ್ತವೆ. ಕಾಗದ ಕಡಿಮೆಯಿದ್ದರೆ ನಿಮ್ಮ ಖಾತೆಯೊಳಗೆ ಸಂದೇಶ ಬರುತ್ತದೆ. ಕೊನೆಯ ದಿನದೊಳಗೆ ಸೇರಿಸಿದರೆ ಸರಿ, ಆಮೇಲೆ ಸೇರಿಸಿದ್ದಕ್ಕೆ ಬೆಲೆಯಿಲ್ಲ. ಪ್ರತಿ ದಾಖಲೆಯೂ ಬಣ್ಣದ, ನೇರವಾದ, ಒಂದೇ ಪಿಡಿಎಫ್ ಆಗಿರಲಿ. ಎಂಟು ಸೆಮಿಸ್ಟರ್‌ನ ಅಂಕಪಟ್ಟಿ ಎಂಟು ಕಡೆ ಚದುರಿರುವುದಕ್ಕಿಂತ ಕ್ರಮವಾಗಿ ಜೋಡಿಸಿದ ಒಂದು ಕಡತವಾಗಿರುವುದು ಅವರಿಗೂ ನಿಮಗೂ ಹಿತ. ಇನ್ನೊಂದು ಮಾತು, ಯೂನಿ-ಅಸಿಸ್ಟ್ ನೋಡುವುದು ದಾಖಲೆ ಸರಿಯಿದೆಯೇ ಎಂಬುದನ್ನು. ಪ್ರವೇಶ ಕೊಡುವುದು ವಿಶ್ವವಿದ್ಯಾಲಯ.

ಕೊನೆಯ ದಿನ ಜುಲೈ 15 ಎಂಬ ಮಾತು ನಿಮಗೂ ಕೇಳಿಬಂದಿರಬಹುದು. ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಅದು ಸಾಮಾನ್ಯ ದಿನಾಂಕ ಹೌದು. ಆದರೆ ವೀಸಾ ಬೇಕಾದವರಿಗೆ ಅನೇಕ ಕಡೆ ಅದಕ್ಕಿಂತ ಬಹಳ ಮುಂಚೆ ಬಾಗಿಲು ಮುಚ್ಚುತ್ತದೆ. ಆಖೆನ್‌ನ ಆರ್‌ಡಬ್ಲ್ಯುಟಿಎಚ್‌ನಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಮಾರ್ಚ್ 1, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯ ಬಹಳಷ್ಟು ಮಾಸ್ಟರ್ಸ್‌ಗೆ ಮೇ 31. ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆಯ ಸೆಮಿಸ್ಟರ್‌ಗೆ ಸಾಮಾನ್ಯ ದಿನಾಂಕ ಜನವರಿ 15, ಆದರೆ ಆಗ ತೆರೆದಿರುವ ಕೋರ್ಸು ಕಡಿಮೆ.

ನಿಮ್ಮ ಸ್ಥಿತಿಗೆ ಹೊಂದಿಸಿದರೆ: ಏಳನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಪಾಸ್‌ಪೋರ್ಟ್, ಕ್ರೆಡಿಟ್ ಪಟ್ಟಿ, ಐಇಎಲ್‌ಟಿಎಸ್, ಎಪಿಎಸ್. ಡಿಸೆಂಬರ್ ಹೊತ್ತಿಗೆ ಕೋರ್ಸುಗಳ ಪಟ್ಟಿ ಅಂತಿಮ. ಜನವರಿಯಲ್ಲಿ ವಿಪಿಡಿ ಮತ್ತು ಬೇಗ ಮುಚ್ಚುವ ಕಡೆಗೆ ಅರ್ಜಿ, ಮಾರ್ಚ್-ಏಪ್ರಿಲ್‌ನಲ್ಲಿ ಉಳಿದವು. ಪ್ರವೇಶಪತ್ರಗಳು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಒಂದೊಂದಾಗಿ ಬರುತ್ತವೆ. ಪದವಿ ಮುಗಿಯದವರಿಗೆ ಷರತ್ತಿನ ಪ್ರವೇಶ ಕೊಡುತ್ತಾರೆ. ಪದವಿಯ ದಾಖಲೆ ಯಾವ ದಿನದೊಳಗೆ ಬೇಕೆಂದು ಪತ್ರದಲ್ಲೇ ಇರುತ್ತದೆ. ಎಂಟನೇ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ. ಪ್ರವೇಶಪತ್ರದಲ್ಲಿ ‘ಒಪ್ಪಿಗೆ ತಿಳಿಸಲು ಕೊನೆಯ ದಿನ’ ಎಂದೂ ಒಂದಿರುತ್ತದೆ. ಅದನ್ನು ದಾಟಿದರೆ ಸೀಟು ಮುಂದಿನವರಿಗೆ.

ತಿರಸ್ಕಾರ ಬಂದರೆ ಕಾರಣ ಓದಿ. ಕಾಗದ ಸಾಲದೆ ಹೊರಬಿದ್ದಿದ್ದು, ವಿಷಯ ಹೊಂದದೆ ಹೊರಬಿದ್ದಿದ್ದು, ಸೀಟು ತುಂಬಿ ಹೊರಬಿದ್ದಿದ್ದು ಮೂರೂ ಬೇರೆ. ಮೊದಲನೆಯದನ್ನು ಮುಂದಿನ ಸಲ ಸರಿಪಡಿಸಬಹುದು, ಮೂರನೆಯದಕ್ಕೆ ಮತ್ತೆ ಪ್ರಯತ್ನಿಸಬಹುದು. ಎರಡನೆಯದಾದರೆ ಅದೇ ಕೋರ್ಸಿಗೆ ಮತ್ತೆ ಹಾಕಿ ಪ್ರಯೋಜನವಿಲ್ಲ. ಲೆಕ್ಕದಲ್ಲಿ ಅವರೇ ತಪ್ಪಿದ್ದಾರೆಂದು ಕಂಡರೆ ಪತ್ರದ ಕೊನೆಯಲ್ಲಿ ಆಕ್ಷೇಪಣೆಯ ವಿಧಾನ, ಅವಧಿ ಬರೆದಿರುತ್ತದೆ.

ಹಣ ಮತ್ತು ವೀಸಾ

ಮನೆಯವರಿಗೆ ಹೇಳಬೇಕಾದ ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟ್‌ನದು. ಮೊದಲ ವರ್ಷದ ಜೀವನ ವೆಚ್ಚವನ್ನು ಮೊದಲೇ ಕಟ್ಟಿ ತೋರಿಸಬೇಕು: 2024ರ ಸೆಪ್ಟೆಂಬರ್ 1ರಿಂದ ಅದು 11,904 ಯೂರೋ. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಬರುತ್ತದೆ. ಮೊತ್ತವನ್ನು ಜರ್ಮನ್ ಸರ್ಕಾರ ಆಗಾಗ ಏರಿಸುತ್ತದೆ, ಕಟ್ಟುವ ವಾರ ದೂತಾವಾಸದ ಪುಟದಲ್ಲಿ ಮತ್ತೊಮ್ಮೆ ನೋಡಿ. ಇಲ್ಲಿ ನಡೆಯುವ ತಪ್ಪು ಸಣ್ಣದು, ಪೆಟ್ಟು ದೊಡ್ಡದು. ನಡುವಿನ ಬ್ಯಾಂಕುಗಳು ತಮ್ಮ ಪಾಲು ಕಳೆದುಕೊಂಡು ಕಳಿಸುವುದರಿಂದ ಅತ್ತ ಹತ್ತೋ ಇಪ್ಪತ್ತೋ ಯೂರೋ ಕಡಿಮೆ ತಲುಪುತ್ತದೆ. ಮೊತ್ತ ಪೂರ್ತಿಯಾಗುವವರೆಗೆ ದೃಢೀಕರಣ ಪತ್ರ ಬರುವುದಿಲ್ಲ. ಎಲ್ಲ ಶುಲ್ಕವೂ ಕಳಿಸುವವರ ಲೆಕ್ಕಕ್ಕೆ ಎಂದು ಬ್ಯಾಂಕಿನಲ್ಲಿ ಸ್ಪಷ್ಟವಾಗಿ ಹೇಳಿ, ಸ್ವಲ್ಪ ಹೆಚ್ಚೇ ಕಳಿಸಿ. ಶಿಕ್ಷಣ ಸಾಲದಿಂದ ಕಟ್ಟುವುದಾದರೆ, ಬ್ಲಾಕ್ಡ್ ಅಕೌಂಟ್‌ಗೆ ನೇರವಾಗಿ ಹಣ ಬಿಡುಗಡೆ ಮಾಡುತ್ತಾರೆಯೇ ಎಂದು ಸಾಲ ಮಂಜೂರಾಗುವ ಮೊದಲೇ ಕೇಳಿ.

ಇದರ ಮೇಲೆ ಪ್ರತಿ ಸೆಮಿಸ್ಟರ್‌ಗೂ ವಿದ್ಯಾರ್ಥಿ ನಿಧಿಯ ಶುಲ್ಕ, ಊರಿಂದೂರಿಗೆ ಬೇರೆ ಬೇರೆ. ಸುಮಾರು 100ರಿಂದ 350 ಯೂರೋ, ಹಲವು ಕಡೆ ಅದರಲ್ಲೇ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಆರೋಗ್ಯ ವಿಮೆ ಕಡ್ಡಾಯ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ತಿಂಗಳಿಗೆ 140 ಯೂರೋಗಿಂತ ಸ್ವಲ್ಪ ಮೇಲೆ, ಅದೂ 992ರೊಳಗಿಂದಲೇ ಹೋಗಬೇಕು. ಉಳಿದದ್ದರಲ್ಲಿ ಬಾಡಿಗೆ. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಬಹುಪಾಲು ನುಂಗಿಬಿಡುತ್ತದೆ. ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನೌ ಕಡೆ ಅದೇ ಹಣದಲ್ಲಿ ನೆಮ್ಮದಿಯಾಗಿ ತಿಂಗಳು ಕಳೆಯಬಹುದು. ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ, ಸರತಿ ತಿಂಗಳುಗಟ್ಟಲೆ ಇರುತ್ತದೆ. ಮೊದಲ ತಿಂಗಳ ಬಾಡಿಗೆ, ಮನೆಯ ಡೆಪಾಸಿಟ್, ವಿಮಾನ ಟಿಕೆಟ್‌ಗೆಂದು ಬ್ಲಾಕ್ಡ್ ಅಕೌಂಟ್‌ನ ಹೊರಗೆ ಎರಡು ಮೂರು ಸಾವಿರ ಯೂರೋ ಬೇರೆ ಇರಲಿ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯಿದೆ. ಮೊದಲ ಸೆಮಿಸ್ಟರ್‌ನಲ್ಲೇ ದುಡಿದು ಖರ್ಚು ತೂಗಿಸುತ್ತೇನೆಂಬ ಲೆಕ್ಕವನ್ನು ಮಾತ್ರ ಹಾಕಬೇಡಿ. ಕೆಲಸ ಸಿಗಲು ಸಮಯ ಹಿಡಿಯುತ್ತದೆ, ಪರೀಕ್ಷೆಗಳು ಕಾಯುವುದಿಲ್ಲ.

ವೀಸಾ ಶುಲ್ಕ 75 ಯೂರೋ. ಮೊದಲ ಪ್ರವೇಶಪತ್ರ ಕೈಗೆ ಬಂದೊಡನೆ ಪ್ರಕ್ರಿಯೆ ಶುರು ಮಾಡಿ, ‘ಇನ್ನೂ ಒಳ್ಳೆಯದು ಬರಲಿ’ ಎಂದು ಕಾಯಬೇಡಿ. ವಾರಗಳಿಂದ ತಿಂಗಳುಗಳವರೆಗೆ ಹಿಡಿಯುವ ಕೆಲಸವದು. ತಿರಸ್ಕಾರವಾದರೆ ಹಿಂದೆ ದೂತಾವಾಸಕ್ಕೇ ಮರುಪರಿಶೀಲನೆಯ ಮನವಿ ಸಲ್ಲಿಸಬಹುದಿತ್ತು. 2025ರ ಜುಲೈ 1ರಿಂದ ಆ ದಾರಿಯನ್ನು ಮುಚ್ಚಿದ್ದಾರೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯ. ಹಾಗಾಗಿ ಮೊದಲ ಅರ್ಜಿಯೇ ಪೂರ್ತಿಯಾಗಿರಬೇಕು. ವೀಸಾ ಅರ್ಜಿಯ ಜೊತೆಗಿಡುವ ಪತ್ರದಲ್ಲಿ ದೂತಾವಾಸದವರು ನೋಡುವುದು ಬಿ.ಇ.ಗೂ ಈ ಕೋರ್ಸಿಗೂ ಏನು ನಂಟು, ಮುಗಿಸಿ ಏನು ಮಾಡುತ್ತೀರಿ, ಖರ್ಚು ಯಾರದು ಎಂಬುದನ್ನು. ಮೆಕ್ಯಾನಿಕಲ್ ಓದಿದವರು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಹೊರಟಾಗ ಈ ಪ್ರಶ್ನೆಗೆ ಉತ್ತರ ಕಷ್ಟವಾಗುತ್ತದೆ.

ಇಷ್ಟಾದ ಮೇಲೂ ಕನ್ಸಲ್ಟೆನ್ಸಿಯ ನೆರವು ಬೇಕೆನಿಸಿದರೆ, ಕಾಗದ ಜೋಡಿಸಿಕೊಡುವ ಮಟ್ಟಿಗೆ ಪಡೆಯಿರಿ. ಅವರು ಕೊಡುವ ಪಟ್ಟಿಯಲ್ಲಿ ಸರ್ಕಾರಿ ಎಷ್ಟು, ಖಾಸಗಿ ಎಷ್ಟು, ಯಾರಿಂದ ಅವರಿಗೆ ಕಮಿಷನ್ ಬರುತ್ತದೆ ಎಂದು ಬರಹದಲ್ಲಿ ಕೇಳಿ. ಯೂನಿ-ಅಸಿಸ್ಟ್, ಎಪಿಎಸ್, ವಿಶ್ವವಿದ್ಯಾಲಯದ ಪೋರ್ಟಲ್ ಯಾವುದನ್ನೂ ಅವರ ಇಮೇಲ್‌ನಲ್ಲಿ ತೆರೆಯಲು ಬಿಡಬೇಡಿ. ಖಾತೆ ನಿಮ್ಮ ಇಮೇಲ್‌ನಲ್ಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಇರಲಿ. ಪ್ರವೇಶಪತ್ರ ಬಂದದ್ದೇ ತಿಳಿಯದೆ ಒಪ್ಪಿಗೆಯ ದಿನ ದಾಟಿಹೋಗುವುದು, ತಿರಸ್ಕಾರದ ನಿಜ ಕಾರಣ ವಿದ್ಯಾರ್ಥಿಗೆ ತಲುಪದಿರುವುದು ಎರಡೂ ಖಾತೆ ಬೇರೆಯವರ ಕೈಯಲ್ಲಿದ್ದಾಗಲೇ. ಪೋರ್ಟಲ್‌ಗಳ ಸಂದೇಶ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗುವುದರಿಂದ, ಅರ್ಜಿ ಹಾಕಿದ ಮೇಲೆ ವಾರಕ್ಕೆರಡು ಸಲ ಪೋರ್ಟಲ್‌ನ ಒಳಗೇ ಹೋಗಿ ನೋಡಿ.